ದೈತ್ಯ ಹಡಗಿನ ಕೊನೆಯ ದಡ

ಹಳೆಯ ಸೈಕಲ್ಲನ್ನು ನಾವು ಗುಜರಿ ಅಂಗಡಿಗೆ ಹಾಕುತ್ತೇವೆ. ಸುಮಾರು 315 ಮೀಟರು ಉದ್ದದ ಹಡಗು ಹಳತಾದರೆ ಏನು ಮಾಡುವುದು? 'ಫ್ರಾನ್ಸ್' ಎಂಬ ಹಡಗಿನ ಕಥೆಯನ್ನು ನೋಡೋಣ.

ಫ್ರಾನ್ಸ್ ದೇಶದಲ್ಲಿ ನಿರ್ಮಾಣವಾಗಿ 1960ರಲ್ಲಿ ನೀರಿಗಿಳಿದ ಈ ಹಡಗು 1962ರಿಂದ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೆ ಪ್ರಯಾಣಿಕರನ್ನು ಒಯ್ಯುತ್ತಿತ್ತು. ಜೆಟ್ ವಿಮಾನಗಳ ಪೈಪೋಟಿ ಹಾಗೂ ತೈಲದ ಬೆಲೆ ಏರಿಕೆಯಿಂದಾಗಿ 1974ರಲ್ಲಿ ಅದರ ಓಡಾಟ ನಿಂತಿತು. 1980ರಲ್ಲಿ 'ನಾರ್ವೆ' ಎಂಬ ಹೊಸ ಹೆಸರು ಹೊತ್ತು ಕೆರಿಬಿಯನ್ ಸಮುದ್ರದ ವಿಹಾರ ನೌಕೆಯಾಯಿತು.

2003ರ ಮೇ 25ರಂದು ಮಯಾಮಿ ಬಂದರಿನಲ್ಲಿ ಅದರ ಬಾಯ್ಲರು ಸಿಡಿದು ಎಂಟು ಮಂದಿ ಸಿಬ್ಬಂದಿ ಮೃತಪಟ್ಟರು. ಕಾರಣವೇನು? ಪದೇ ಪದೇ ಕಾದು ತಣಿಯುವ ಲೋಹ ಹಿಗ್ಗಿ ಕುಗ್ಗಿ ದಣಿಯುತ್ತದೆ. ಬೆಸುಗೆಯಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟಿ ಬೆಳೆಯುತ್ತವೆ. ಬೆಸುಗೆ ಬಿಟ್ಟೊಡನೆ, ಒತ್ತಡದಲ್ಲಿದ್ದ ಬಿಸಿನೀರು ಥಟ್ಟನೆ ಆವಿಯಾಗಿ ನೂರಾರು ಪಟ್ಟು ಹಿಗ್ಗುತ್ತದೆ. ಹಡಗು ಮತ್ತೆ ಪ್ರಯಾಣಿಕರನ್ನು ಹೊರಲಿಲ್ಲ.

2006ರಲ್ಲಿ ಅದು 'ಬ್ಲೂ ಲೇಡಿ' ಎಂಬ ಹೆಸರಿನಲ್ಲಿ ಗುಜರಾತಿನ ಅಲಾಂಗ್ ಕಡಲತೀರಕ್ಕೆ ಬಂದಿತು. ಅಲಾಂಗಿಗೇ ಏಕೆ? ಖಂಭಾತ್ ಕೊಲ್ಲಿ ಆಲಿಕೆಯಂತೆ ಕಿರಿದಾಗುವುದರಿಂದ ಅಲ್ಲಿ ಉಬ್ಬರ ಇಳಿತಗಳ ನಡುವಣ ಅಂತರ ಸುಮಾರು 10 ಮೀಟರಿನಷ್ಟಿರುತ್ತದೆ. ದೊಡ್ಡ ಉಬ್ಬರದಲ್ಲಿ ದಡ ಸೇರಿದ ಹಡಗು ಇಳಿತದ ವೇಳೆ ಕೆಸರಿನ ಮೇಲೆ ಕುಳಿತುಬಿಡುತ್ತದೆ. ಕಾರ್ಮಿಕರು ಅದನ್ನು ಗ್ಯಾಸ್ ಜ್ವಾಲೆಯಿಂದ ತುಂಡರಿಸುತ್ತಾರೆ. ಉಕ್ಕು ಗಿರಣಿ ಸೇರಿ ಸರಳುಗಳಾಗುತ್ತದೆ.

ಆದರೆ ಈ ಹಡಗಿನೊಳಗೆ ಉಕ್ಕಿನ ಜೊತೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಕೂಡ ಇತ್ತು. ಕಲ್ನಾರು ಬೆರೆತ ವಸ್ತುಗಳು 1,200 ಟನ್ನಿಗೂ ಹೆಚ್ಚು ಎಂಬ ಅಂದಾಜಿತ್ತು. ಬೆಂಕಿ ಮತ್ತು ಶಾಖದಿಂದ ರಕ್ಷಣೆಗೆಂದೇ ಅದನ್ನು ಬಳಸಿದ್ದರು. ಗೋಡೆಯೊಳಗೆ ಭದ್ರವಾಗಿರುವವರೆಗೆ ಅಪಾಯ ಕಡಿಮೆ. ಒಡೆದಾಗ ಮಾತ್ರ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನಾಟಿಕೊಳ್ಳುತ್ತವೆ. ಅದರಿಂದ ಬರುವ ಕ್ಯಾನ್ಸರ್ ಹಲವು ದಶಕಗಳ ನಂತರ ತಲೆದೋರಬಹುದು. ಹೀಗಾಗಿ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಒಡೆಯಲು ಅನುಮತಿ ನೀಡಿತು.

ಮುಂದೆ ಭಾರತ 2019ರಲ್ಲಿ ಹಡಗು ಮರುಬಳಕೆ ಕಾಯಿದೆ ರೂಪಿಸಿತು. 2009ರ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನಿನಲ್ಲಿ ಜಾರಿಗೆ ಬಂದಿತು. ಹಡಗಿನಲ್ಲಿ ಯಾವ ಅಪಾಯಕಾರಿ ವಸ್ತು ಎಲ್ಲಿದೆ ಎಂಬ ಪಟ್ಟಿ ಈಗ ಕಡ್ಡಾಯ. ಒಡೆಯುವವನಿಗೆ ತಾನು ಏನನ್ನು ಒಡೆಯುತ್ತಿದ್ದೇನೆಂದು ತಿಳಿದಿರಬೇಕಲ್ಲವೆ?

ಈ ಪಾಠ ಅಲಾಂಗಿಗಷ್ಟೇ ಸೀಮಿತವಲ್ಲ. ನಿಮ್ಮ ಶಾಲೆಯ ಸೈಕಲ್ ನಿಲ್ದಾಣಕ್ಕೆ ಹಳೆಯ ಕಲ್ನಾರು ಶೀಟಿನ ಛಾವಣಿ ಇದೆಯೆ? ಅದನ್ನು ಮಕ್ಕಳ ಕೈಯಲ್ಲಿ ತೆಗೆಸಬೇಡಿ, ಒಣಗಿದ್ದಾಗ ಕೊರೆಯಲು ಅಥವಾ ಒಡೆಯಲು ಬಿಡಬೇಡಿ.