ಒಂದು ಪಡಿಯಚ್ಚು, ಹಲವು ಯಂತ್ರಗಳು: ಗಣಕಗಳ ಸಾರ್ವತ್ರಿಕ ಮಾತೃಪ್ರತಿಯ ಸ್ವರೂಪ

ದೊಡ್ಡ ಸಂಸ್ಥೆಯೊಂದರ ಗಣಕಗಳೆಲ್ಲ ಒಂದೇ ಸಲಕ್ಕೆ ಕೊಂಡವಾಗಿರುವುದಿಲ್ಲ. ವರ್ಷವರ್ಷವೂ ಖರೀದಿ ನಡೆಯುತ್ತದೆ. ತಯಾರಕರು ಬದಲಾಗುತ್ತಾರೆ, ಮಾದರಿಗಳೂ ಬದಲಾಗುತ್ತವೆ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಪೆಟ್ಟಿಗೆಗಳೊಳಗಿನ ಡಿಸ್ಕ್ ನಿಯಂತ್ರಕ, ನೆಟ್‌ವರ್ಕ್ ಕಾರ್ಡ್, ಧ್ವನಿಯ ಚಿಪ್ ಬೇರೆಬೇರೆಯಾಗಿರಬಹುದು. ಇಷ್ಟು ವೈವಿಧ್ಯದ ಮೇಲೆ ಒಂದೇ ಬಗೆಯ ತಂತ್ರಾಂಶ ನಡೆಯಬೇಕೆಂಬುದು ಸಂಸ್ಥೆಯ ಅಪೇಕ್ಷೆ. ಇದಕ್ಕಾಗಿ ಒಂದು ಗಣಕವನ್ನು ಸಿದ್ಧಗೊಳಿಸಿ, ಅದರ ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದು, ಉಳಿದ ಗಣಕಗಳಿಗೆ ಇಳಿಸುವ ಪದ್ಧತಿ ಬಳಕೆಗೆ ಬಂದಿತು. ಈ ಪ್ರತಿಗೆ ‘ಇಮೇಜ್’ ಎಂದು ಹೆಸರು. ಕನ್ನಡದಲ್ಲಿ ಪಡಿಯಚ್ಚು ಎನ್ನಬಹುದು. ನ್ಯೂಜಿಲೆಂಡಿನಲ್ಲಿ ರೂಪುಗೊಂಡು 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಪಾಲಾದ ‘ಘೋಸ್ಟ್’ ತಂತ್ರಾಂಶವು ಈ ಪದ್ಧತಿಯನ್ನು ಬಹಳ ಪ್ರಚುರಪಡಿಸಿತು.

ಒಂದೇ ಮಾದರಿಯ ಗಣಕಗಳ ನಡುವೆ ಈ ಕೆಲಸ ಸುಲಭ. ಮಾದರಿ ಬದಲಾದಾಗ ತೊಡಕು ಆರಂಭವಾಗುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಎರಡು ಅಡಚಣೆಗಳು ಮುಖ್ಯವಾಗಿದ್ದವು. ಮೊದಲನೆಯದು, ಯಂತ್ರಾಂಶಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಲ್ಲುವ ‘ಹ್ಯಾಲ್’ ಎಂಬ ಪದರ. ಇದರಲ್ಲಿ ಹಲವು ಬಗೆಗಳಿದ್ದು, ಒಂದು ಬಗೆಯ ಮೇಲೆ ಸಿದ್ಧವಾದ ಪಡಿಯಚ್ಚು ಮತ್ತೊಂದು ಬಗೆಯ ಯಂತ್ರದಲ್ಲಿ ಏಳದೆ ಹೋಗಬಹುದಾಗಿತ್ತು. ಎರಡನೆಯದು ಡಿಸ್ಕ್ ನಿಯಂತ್ರಕದ ಡ್ರೈವರ್. ಅದು ಮೊದಲೇ ನೋಂದಾಯಿತವಾಗಿರದಿದ್ದರೆ, ಅದನ್ನು ಹುಡುಕಲು ಡಿಸ್ಕನ್ನೇ ಓದಬೇಕು. ಡಿಸ್ಕನ್ನು ಓದಲು ಆ ಡ್ರೈವರೇ ಬೇಕು. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತಹ ಸ್ಥಿತಿ ಇದು. ನೀಲಿ ಪರದೆಯ ಮೇಲೆ 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಮೂಡಿ ಗಣಕ ನಿಂತುಬಿಡುತ್ತಿತ್ತು.

ಆದ್ದರಿಂದ ಮಾದರಿಗೊಂದು ಪಡಿಯಚ್ಚು ಇಟ್ಟುಕೊಳ್ಳುವುದು ರೂಢಿಯಾಯಿತು. ಹತ್ತು ಮಾದರಿಗಳಿದ್ದರೆ ಹತ್ತು ಪಡಿಯಚ್ಚುಗಳು. ಒಂದು ಸುರಕ್ಷಾ ತಿದ್ದುಪಡಿ ಬಂದರೆ ಹತ್ತು ಕಡೆ ತಿದ್ದುವ ಕೆಲಸ. ಒಂದು ಕಡೆ ಮರೆತರೆ ಆ ಪ್ರತಿ ಉಳಿದವುಗಳಿಂದ ದೂರ ಸರಿಯುತ್ತದೆ. ಓಲೆಗರಿಗಳ ಪ್ರತಿಕಾರರ ಕೈಯಲ್ಲಿ ಪಾಠಾಂತರಗಳು ಬೆಳೆದ ಬಗೆಯೇ ಇಲ್ಲಿಯೂ ಕಾಣುತ್ತದೆ. ಕೆಲವು ವರ್ಷಗಳಲ್ಲಿ ಯಾವ ಪ್ರತಿಯಲ್ಲಿ ಏನಿದೆ ಎಂದು ಹೇಳುವವರೇ ಇಲ್ಲವಾಗುತ್ತಾರೆ.

ಇದಕ್ಕೆ ಪರಿಹಾರವಾಗಿ ಎಲ್ಲ ಡ್ರೈವರುಗಳನ್ನೂ ಒಂದೇ ಪ್ರತಿಯಲ್ಲಿ ತುಂಬುವ ಪ್ರಯತ್ನ ನಡೆಯಿತು. ಪ್ರತಿ ಭಾರವಾಯಿತು, ಹೊಸ ಮಾದರಿ ಬಂದಾಗಲೆಲ್ಲ ಮತ್ತೆ ಬಿಚ್ಚಬೇಕಾಯಿತು. ಫಲಕಾರಿಯಾದ ದಾರಿ ಇದಕ್ಕೆ ವಿರುದ್ಧವಾದುದು: ತುಂಬುವುದಲ್ಲ, ಕಳಚುವುದು. ಮೈಕ್ರೋಸಾಫ್ಟಿನ ‘ಸಿಸ್‌ಪ್ರೆಪ್’ ಎಂಬ ಸಾಧನವು ಪಡಿಯಚ್ಚು ತೆಗೆಯುವ ಮುನ್ನ ಮೂಲ ಗಣಕದ ಹೆಸರು, ಭದ್ರತಾ ಗುರುತು ಮೊದಲಾದ ಸ್ವಂತ ಚಹರೆಗಳನ್ನು ತೆಗೆದುಹಾಕುತ್ತದೆ. ಯಂತ್ರಗಳ ಭದ್ರತಾ ಗುರುತು ಒಂದೇ ಆಗಿರುವುದರಿಂದ ಭಾವಿಸಿದಷ್ಟು ಅಪಾಯವಿಲ್ಲವೆಂದು ಮಾರ್ಕ್ ರಸಿನೋವಿಚ್ 2009ರಲ್ಲಿ ವಿವರಿಸಿದರು. ಆದರೆ ತಿದ್ದುಪಡಿ ವಿತರಣೆಯ ಗುರುತಿನಂತಹವು ನಕಲಾದರೆ ಎರಡು ಗಣಕಗಳು ಒಂದೇ ಗಣಕವಾಗಿ ಲೆಕ್ಕಕ್ಕೆ ಸಿಗುತ್ತವೆ.

ಚಹರೆ ಕಳಚಿದ ವ್ಯವಸ್ಥೆ ಹೊಸ ಯಂತ್ರದಲ್ಲಿ ಮೊದಲ ಸಲ ಎದ್ದಾಗ, ಬಂದ ನಂಟನನ್ನು ಯಾವ ಊರು, ಯಾರ ಮನೆ ಎಂದು ವಿಚಾರಿಸುವಂತೆ ಪ್ರತಿ ಬಿಡಿಭಾಗವನ್ನೂ ಕೇಳುತ್ತದೆ. ಪಿಸಿಐ ಭಾಗಗಳು ತಯಾರಕರದೊಂದು, ಸಾಧನದ್ದೊಂದು ಸಂಖ್ಯೆಯನ್ನು ಹೇಳುತ್ತವೆ. 8086 ಎಂದರೆ ಇಂಟೆಲ್ ಮನೆತನ. ಆ ಸಂಖ್ಯೆಗೆ ಒಪ್ಪುವ ಡ್ರೈವರನ್ನು ವ್ಯವಸ್ಥೆ ಹುಡುಕಿಕೊಳ್ಳುತ್ತದೆ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯದ ಕಿನ್ನರ ಕಥೆಗಳಲ್ಲಿ 31 ಕ್ರಿಯೆಗಳನ್ನು ಗುರುತಿಸಿ, ಕ್ರಿಯೆ ಸ್ಥಿರ, ಅದನ್ನು ಮಾಡುವ ಪಾತ್ರ ಚರ ಎಂದು ತೋರಿಸಿದ್ದನ್ನು ಇಲ್ಲಿ ನೆನೆಯಬಹುದು. ‘ಡಿಸ್ಕನ್ನು ಓದು’ ಎಂಬ ಕ್ರಿಯೆ ಎಲ್ಲೆಡೆ ಒಂದೇ. ಅದನ್ನು ನಡೆಸಿಕೊಡುವ ಡ್ರೈವರ್ ಯಂತ್ರದಿಂದ ಯಂತ್ರಕ್ಕೆ ಬೇರೆ.

2007ರಲ್ಲಿ ಸಾರ್ವಜನಿಕರ ಕೈಸೇರಿದ ವಿಂಡೋಸ್ ವಿಸ್ಟಾದಿಂದ ಹ್ಯಾಲ್ ಭೇದದ ಅಡ್ಡಿ ಬಹುಮಟ್ಟಿಗೆ ನೀಗಿತು. ಪಡಿಯಚ್ಚು ಡಿಸ್ಕಿನ ಮನೆಮನೆಯ ನಕಲಾಗಿ ಉಳಿಯದೆ ಕಡತಗಳ ಸಂಗ್ರಹವಾಯಿತು. ಡ್ರೈವರುಗಳನ್ನು ಪ್ರತ್ಯೇಕ ಉಗ್ರಾಣದಲ್ಲಿಟ್ಟು, ಸ್ಥಾಪನೆಯ ಹೊತ್ತಿನಲ್ಲಿ ಯಂತ್ರದ ಮಾದರಿಯನ್ನು ಓದಿ, ಬೇಕಾದವನ್ನಷ್ಟೇ ಸೇರಿಸುವ ಕ್ರಮ ನೆಲೆಗೊಂಡಿತು. ಆದರೂ ಈ ಸಾರ್ವತ್ರಿಕತೆಗೆ ಎಲ್ಲೆಯಿದೆ. ಇಂಟೆಲ್ ಬಗೆಯ ಸಂಸ್ಕಾರಕಕ್ಕೂ ಆರ್ಮ್ ಬಗೆಯ ಸಂಸ್ಕಾರಕಕ್ಕೂ ಒಂದೇ ಪ್ರತಿ ಸಲ್ಲದು.

ಮಾತೃಪ್ರತಿಯಲ್ಲಿ ಏನಿರಬೇಕೆಂಬ ನಿರ್ಧಾರ ಕೇವಲ ತಾಂತ್ರಿಕವಲ್ಲ ಎಂಬುದಕ್ಕೆ ಕನ್ನಡವೇ ನಿದರ್ಶನ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಲಿಪಿಗೆ ಬೆಂಬಲವೂ ‘ತುಂಗಾ’ ಅಕ್ಷರವಿನ್ಯಾಸವೂ ಲಭ್ಯವಿದ್ದವು. ಆದರೆ ಇಂಗ್ಲಿಷ್ ಆವೃತ್ತಿಯಲ್ಲಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಗುರುತು ಹಾಕಿ ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕಿತ್ತು. ಮಾತೃಪ್ರತಿ ಸಿದ್ಧಪಡಿಸುವವರು ಆ ಒಂದು ಗುರುತನ್ನು ಬಿಟ್ಟರೆ, ಅದರಿಂದ ಹುಟ್ಟಿದ ಪ್ರತಿಯೊಂದು ಗಣಕವೂ ಕನ್ನಡವನ್ನು ಸರಿಯಾಗಿ ತೋರಿಸಲಾರದು. ನಿರ್ವಾಹಕನ ಅಧಿಕಾರವಿಲ್ಲದ ನೌಕರ ಅದನ್ನು ತಾನಾಗಿ ಸರಿಪಡಿಸಿಕೊಳ್ಳಲಾರ. ಹಾಕಿದರೆ ಅಷ್ಟೂ ಗಣಕಗಳಿಗೆ ಕನ್ನಡ ಬರುತ್ತದೆ. ವಿಸ್ಟಾದಿಂದ ಈ ಬೆಂಬಲ ಸಹಜವಾಗಿಯೇ ಬಂದಿತು. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕವಾಯಿತು. ಅದನ್ನು ಸೇರಿಸದ ಗಣಕದಲ್ಲಿ ಹಳೆಯ ಕಡತಗಳು ಬೇರೆ ಅಕ್ಷರರೂಪದಲ್ಲಿ ಕಾಣಿಸಬಹುದು.

2017ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಆಟೊಪೈಲಟ್’ ಕ್ರಮದಲ್ಲಿ ಪಡಿಯಚ್ಚನ್ನು ಇಳಿಸುವ ಅಗತ್ಯವೇ ಇಲ್ಲ. ಕಾರ್ಖಾನೆಯಿಂದ ಬಂದ ವ್ಯವಸ್ಥೆಯ ಮೇಲೆ ಸಂಸ್ಥೆಯ ನಿಯಮಗಳೂ ತಂತ್ರಾಂಶಗಳೂ ಅಂತರಜಾಲದ ಮೂಲಕ ಬಂದು ಕೂರುತ್ತವೆ. ಮೌಖಿಕ ಕಾವ್ಯದಲ್ಲಿ ಗಾಯಕ ಸಿದ್ಧಪಾಠವನ್ನು ಒಪ್ಪಿಸುವುದಿಲ್ಲ, ಪ್ರತಿ ಸಲವೂ ಕಟ್ಟುತ್ತಾನೆ ಎಂದು ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರತಿಪಾದಿಸಿದ ವಿಚಾರಕ್ಕೆ ಇದು ಸಮೀಪವಾಗಿದೆ. ಒಟ್ಟಿನಲ್ಲಿ ಸಾರ್ವತ್ರಿಕ ಪ್ರತಿಯ ಸಾಮರ್ಥ್ಯ ಇರುವುದು ಯಂತ್ರಭೇದಗಳನ್ನೆಲ್ಲ ಮೊದಲೇ ಹೊತ್ತುಕೊಳ್ಳುವುದರಲ್ಲಿ ಅಲ್ಲ, ಅವುಗಳಿಗೆ ಸ್ಥಳದಲ್ಲೇ ಹೊಂದಿಕೊಳ್ಳುವುದರಲ್ಲಿ. ಆದರೆ ಬಳಸುವವರ ಭಾಷೆ ಯಂತ್ರಭೇದದಂತಲ್ಲ. ಬಿಡಿಭಾಗಗಳು ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ. ಜನರ ಭಾಷೆ ಯಾವುದೆಂಬುದನ್ನು ಪ್ರತಿ ಸಿದ್ಧಪಡಿಸುವವರೇ ಮೊದಲು ಅರಿತಿರಬೇಕು.