ಆಸ್ತಮಾ ಎಂದೇ ಯಾಕೆ ಬರೆದೆ?

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಈಗ ಡಾಕ್ಟರಿಕೆ ಓದಬಹುದು. ಮುದ್ದೇನಹಳ್ಳಿಯ ವೈದ್ಯಕೀಯ ಕಾಲೇಜು 2023ರಲ್ಲಿ ಆರಂಭವಾಯಿತು. ಹಾಗೆ ಓದಿದವರು ರೋಗಿಯನ್ನು ನೋಡಲು ತಯಾರಾಗಿದ್ದಾರೆಂದು ತಿಳಿಯುವುದು ಹೇಗೆ? ಪ್ರಶ್ನೆಪತ್ರಿಕೆ ಅವರ ನೆನಪನ್ನು ಅಳೆಯುತ್ತದೆ, ಯೋಚನೆಯನ್ನಲ್ಲ. ಯೋಚನೆಯನ್ನು ಅಳೆಯುವ ಒಂದು ಕ್ರಮವೇ ಪ್ರಕರಣ ಚರ್ಚೆ. ತರಬೇತಿಯಲ್ಲಿರುವ ವೈದ್ಯರು ತಾವೇ ನೋಡಿದ ರೋಗಿಯ ಕೇಸ್ ಶೀಟ್ ಹಿಡಿದು ಹಿರಿಯರ ಮುಂದೆ ಕೂರುತ್ತಾರೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಹೊಸ ವೈದ್ಯರ ತರಬೇತಿಯಲ್ಲಿ ಇದು ಸೇರಿತು.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕದ ಕೆಲಸಗಾರ್ತಿಯೊಬ್ಬರು ಕೆಮ್ಮು, ಉಬ್ಬಸವೆಂದು ಬಂದರು ಎಂದಿಟ್ಟುಕೊಳ್ಳಿ. ಕಿರಿಯ ವೈದ್ಯೆ ಆಸ್ತಮಾ ಎಂದು ಬರೆದು ಔಷಧಿ ಕೊಟ್ಟಿದ್ದಾರೆ. ಹಿರಿಯರು ಸರಿ, ತಪ್ಪು ಎಂದು ಮೊದಲೇ ಹೇಳಿಬಿಡುವುದಿಲ್ಲ.

"ಆಸ್ತಮಾ ಎಂದೇ ಯಾಕೆ ಬರೆದೆಯಮ್ಮ? ಕೆಮ್ಮು ಎಷ್ಟು ದಿನದ್ದು? ಏನು ಕೆಲಸವೆಂದು ಕೇಳಿದೆಯಾ? ರಜೆಯ ದಿನ ಉಬ್ಬಸ ಇಳಿಯುತ್ತದೆಯೇ?"

ಒಂದೊಂದು ಪ್ರಶ್ನೆಗೂ ಕಾರಣವಿದೆ. ಗೂಡು ಬೇಯಿಸಿ ನೂಲು ತೆಗೆಯುವಾಗ ರೇಷ್ಮೆಯ ಪ್ರೋಟೀನ್ ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಕೆಲಸದ ಜಾಗದ ಗಾಳಿಯ ಬಗ್ಗೆ ವಿಚಾರಿಸದೆ ಔಷಧಿಯನ್ನಷ್ಟೇ ಕೊಟ್ಟರೆ ಆಕೆಗೆ ಉಬ್ಬಸ ಮರುಕಳಿಸುತ್ತದೆ. ಎರಡು ವಾರ ದಾಟಿದ ಕೆಮ್ಮಾದರೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯವನ್ನು ಗುರುತಿಸದೆ ಬಿಟ್ಟರೆ ಮನೆಯ ಮಕ್ಕಳಿಗೂ ಹರಡೀತು.

ಅಂಕಗಳೂ ಇರುತ್ತವೆ, ಆದರೆ ಅದು ಸಣ್ಣ ಸಂಗತಿ. ಹಿರಿಯರಿಗೆ ಪುರಸೊತ್ತಿಲ್ಲದೆ ಬರೀ ಸಹಿ ಹಾಕಿದರೆ ಇಡೀ ಕ್ರಮವೇ ವ್ಯರ್ಥ. ಕೊನೆಯಲ್ಲಿ ಮುಂದೇನು ಮಾಡಬೇಕೆಂದು ಇಬ್ಬರೂ ಕೂಡಿ ಬರೆದಿಡುತ್ತಾರೆ. ಆ ಕೆಲಸಗಾರ್ತಿಯನ್ನು ಇದೇ ವಾರ ಮತ್ತೆ ಕರೆಸಿ ಕಫ ಪರೀಕ್ಷೆ ಮಾಡಿಸುವುದು ಅದರಲ್ಲಿ ಮೊದಲನೆಯದು.