ಬ್ಯಾಟರಿಯ ಕೆಂಪುದೀಪ: ಲಕ್ಷಣ, ನಿದಾನ, ಪರಿಹಾರ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಸುಪ್ರಸಿದ್ಧ ದೃಷ್ಟಾಂತ. ಹೊಗೆಯನ್ನು ಬೀಸಿ ಚದುರಿಸಿದ ಮಾತ್ರಕ್ಕೆ ಬೆಂಕಿ ಆರದು. ಕಾರಿನ ಫಲಕದಲ್ಲಿ ಬೆಳಗುವ ಬ್ಯಾಟರಿಯ ಕೆಂಪುದೀಪಕ್ಕೂ ಈ ನ್ಯಾಯವೇ ಅನ್ವಯಿಸುತ್ತದೆ. ಅದನ್ನು ಆರಿಸುವ ಉಪಾಯವನ್ನು ಅರಸುವವರು ಅನೇಕರು. ಅದು ಏನನ್ನು ಸೂಚಿಸುತ್ತಿದೆಯೆಂದು ವಿಚಾರಿಸುವವರು ವಿರಳ. ಕುರ್ಡಿಯಿಂದ ಮಾನ್ವಿಗೋ ರಾಯಚೂರಿಗೋ ರಾತ್ರಿಯ ವೇಳೆ ರೋಗಿಯನ್ನು ಒಯ್ಯುವ ವಾಹನ ನಡುದಾರಿಯಲ್ಲಿ ನಿಂತರೆ ಒದಗುವ ಸಂಕಟವನ್ನು ನೆನೆದಾಗ, ಈ ತಿಳಿವಳಿಕೆ ಕೇವಲ ಯಂತ್ರಜ್ಞರಿಗೆ ಮೀಸಲಾದುದಲ್ಲವೆಂಬುದು ಮನವರಿಕೆಯಾಗುತ್ತದೆ.

ದೀಪದ ಮೇಲಿನ ಚಿತ್ರ ಬ್ಯಾಟರಿಯದು. ಆದರೆ ಅದು ಸಾರುವ ಸುದ್ದಿ ಹೆಚ್ಚಾಗಿ ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರಿನದು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದು ಸುಲಭಗ್ರಾಹ್ಯ. ಬ್ಯಾಟರಿ ಕೆರೆಯಿದ್ದಂತೆ, ಆಲ್ಟರ್ನೇಟರ್ ಅದಕ್ಕೆ ನೀರುಣಿಸುವ ಕಾಲುವೆಯಿದ್ದಂತೆ. ಕಾಲುವೆ ಬತ್ತಿದರೂ ಕೆಲಕಾಲ ಕೆರೆಯ ನೀರಿನಿಂದ ಕಾರ್ಯ ಸಾಗುತ್ತದೆ. ಬಳಿಕ ಕೆರೆಯೂ ಬರಿದಾಗುತ್ತದೆ. ಇಂಜಿನ್ ಓಡುತ್ತಿರುವಾಗ ಕೆಂಪುದೀಪ ಬೆಳಗಿತೆಂದರೆ ಕಾಲುವೆ ನಿಂತಿದೆಯೆಂದೇ ಭಾವಿಸತಕ್ಕದ್ದು. ಹೊಸ ಬ್ಯಾಟರಿಯನ್ನು ಕೊಂಡು ಹಾಕಿದ ಮೇಲೂ ದೀಪ ಆರದೆ ಹಣ ವ್ಯರ್ಥವಾಗುವುದು ಈ ಭೇದವನ್ನರಿಯದ ಕಾರಣದಿಂದಲೇ.

ನಿದಾನದ ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ಕೀಲಿಯನ್ನು ತಿರುಗಿಸಿದಾಗ ದೀಪ ಬೆಳಗಬೇಕು. ಇಂಜಿನ್ ಚಾಲನೆಗೊಂಡೊಡನೆ ಆರಬೇಕು. ಕೀಲಿ ತಿರುಗಿಸಿದಾಗಲೂ ಬೆಳಗದಿದ್ದರೆ ದೀಪದಲ್ಲಿಯೋ ತಂತಿಯಲ್ಲಿಯೋ ದೋಷವಿದೆ. ಅಂಥ ದೀಪದ ಮೌನವನ್ನು ನಂಬಲಾಗದು.

ಎರಡನೆಯದಾಗಿ, ಇಂಜಿನ್ ನಿಲ್ಲಿಸಿ, ತಣ್ಣಗಾದ ಬಳಿಕ ಬಾನೆಟ್ ತೆರೆದು ಬೆಲ್ಟನ್ನು ಪರೀಕ್ಷಿಸಬೇಕು. ಅದು ಹರಿದಿದ್ದರೆ, ಸಡಿಲಗೊಂಡಿದ್ದರೆ ಅಥವಾ ಎಣ್ಣೆ ತಗುಲಿ ಜಾರುತ್ತಿದ್ದರೆ ಆಲ್ಟರ್ನೇಟರ್ ಸರಿಯಾಗಿ ತಿರುಗದು. ತಂತಿಗಳನ್ನು ಇಲಿ ಕಡಿದಿದೆಯೇ ಎಂಬುದನ್ನೂ ನೋಡತಕ್ಕದ್ದು.

ಮೂರನೆಯದು ಬ್ಯಾಟರಿಯ ಟರ್ಮಿನಲ್ಲುಗಳ ಪರೀಕ್ಷೆ. ಅವುಗಳ ಮೇಲೆ ಬಿಳಿಯ ಅಥವಾ ಹಸಿರುನೀಲಿಯ ಪುಡಿ ಕಟ್ಟಿದ್ದರೆ ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುತ್ತದೆ. ಇಂಜಿನ್ ನಿಲ್ಲಿಸಿ, ಕೈಯ ಉಂಗುರ-ಕಡಗಗಳನ್ನು ತೆಗೆದಿಟ್ಟು, ಮೊದಲು ಋಣ ತಂತಿಯನ್ನೂ ಅನಂತರ ಧನ ತಂತಿಯನ್ನೂ ಬಿಚ್ಚಬೇಕು. ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಒಣಗಿಸಿ, ಧನವನ್ನು ಮೊದಲು, ಋಣವನ್ನು ಕಡೆಯಲ್ಲಿ ಬಿಗಿಯಬೇಕು. ಬ್ಯಾಟರಿಯಿಂದ ಹೊರಬರುವ ಜಲಜನಕವು ದಹ್ಯವಾದುದರಿಂದ ಬೀಡಿ, ಬೆಂಕಿಕಡ್ಡಿಗಳು ಹತ್ತಿರ ಸುಳಿಯಬಾರದು. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವ ರಾಯಚೂರಿನ ಸೀಮೆಯಲ್ಲಿ ಬ್ಯಾಟರಿಯ ನೀರು ಬೇಗ ಇಂಗುತ್ತದೆ. ಮುಚ್ಚಳ ತೆರೆಯಬಹುದಾದ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಬಾವಿಯ ನೀರು ಸಲ್ಲದು.

ನಾಲ್ಕನೆಯ ಪರೀಕ್ಷೆ ಮಲ್ಟಿಮೀಟರಿನದು. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ವಂಶದ್ದೇ ಇಂದಿನ ಕಾರುಗಳ ಸಾಮಾನ್ಯ ಬ್ಯಾಟರಿ. ಅದರಲ್ಲಿ ಸುಮಾರು 2.1 ವೋಲ್ಟಿನ 6 ಕೋಶಗಳಿರುತ್ತವೆ. ಆದುದರಿಂದ ಕೆಲವು ಗಂಟೆ ವಿಶ್ರಾಂತಿ ಪಡೆದ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟ್ ತೋರುತ್ತದೆ. 12ಕ್ಕೆ ಇಳಿದಿದ್ದರೆ ಬಹುತೇಕ ಬರಿದಾಗಿದೆಯೆಂದರ್ಥ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಆಗಲೂ 12.6ರ ಆಸುಪಾಸಿನಲ್ಲಿಯೇ ನಿಂತು ಕ್ರಮೇಣ ಇಳಿಯುತ್ತಿದ್ದರೆ ಬ್ಯಾಟರಿಗೆ ವಿದ್ಯುತ್ ಪೂರೈಕೆಯಾಗುತ್ತಿಲ್ಲವೆಂಬುದು ನಿಶ್ಚಯ. 15ನ್ನು ಮೀರಿದರೆ ನಿಯಂತ್ರಕ ಕೆಟ್ಟಿದೆಯೆಂದು ಶಂಕಿಸಬೇಕು. ಇವು ಮನೆಯಲ್ಲಿ ಸರಿಹೋಗುವ ದೋಷಗಳಲ್ಲ. ನುರಿತ ಮೆಕ್ಯಾನಿಕ್ ಬೇಕು.

ಇನ್ನು ದೀಪವನ್ನು ಆರಿಸುವ ಮಾತು. ಸಾಮಾನ್ಯವಾಗಿ ಇದಕ್ಕೆಂದು ಪ್ರತ್ಯೇಕ ಗುಂಡಿಯಿಲ್ಲ. ಕಾರಣ ನಿವಾರಣೆಯಾದರೆ ದೀಪ ತಾನಾಗಿ ಆರುತ್ತದೆ. ಬ್ಯಾಟರಿಯ ಸ್ಥಿತಿಯನ್ನು ಗಮನಿಸುವ ಸಾಧನವುಳ್ಳ ಕೆಲವು ನವೀನ ಕಾರುಗಳಲ್ಲಿ ಮಾತ್ರ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನ ಮೂಲಕ ನೋಂದಾಯಿಸಬೇಕಾಗುತ್ತದೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು ಪರೀಕ್ಷಿಸುವ ಹಳೆಯ ಪದ್ಧತಿ ಸರ್ವಥಾ ವರ್ಜ್ಯ. ಥಟ್ಟನೆ ಏರುವ ವೋಲ್ಟೇಜು ಕಾರಿನ ಎಲೆಕ್ಟ್ರಾನಿಕ್ ಅಂಗಗಳನ್ನು ಸುಟ್ಟೀತು.

ದಾರಿಯಲ್ಲಿ ದೀಪ ಬೆಳಗಿದರೆ ಮೊದಲು ಉಷ್ಣಮಾಪಕದತ್ತ ದೃಷ್ಟಿ ಹರಿಸಬೇಕು. ಅನೇಕ ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು; ಬೆಲ್ಟು ಹರಿದಿದ್ದರೆ ಅಥವಾ ಉಷ್ಣ ಏರುತ್ತಿದ್ದರೆ ಒಡನೆಯೇ ನಿಲ್ಲಿಸುವುದೇ ವಿವೇಕ. ಇಲ್ಲದಿದ್ದರೆ ಇಂಜಿನ್ನೇ ನಾಶವಾದೀತು. ಬೆಲ್ಟು ಸರಿಯಿದ್ದರೆ ಏಸಿ, ರೇಡಿಯೋಗಳನ್ನು ಆರಿಸಿ, ಇಂಜಿನ್ನನ್ನು ನಿಲ್ಲಿಸದೆ ಸಮೀಪದ ಗ್ಯಾರೇಜನ್ನು ಸೇರಬಹುದು. ರಾತ್ರಿಯಲ್ಲಿ ಮುಂದೀಪಗಳೇ ಮಂಕಾಗುವುದರಿಂದ ದೂರದ ಸಾಹಸ ತರವಲ್ಲ.

ಆಲ್ಟರ್ನೇಟರಿನ ಒಳಗೆ ನಡೆಯುವುದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತ ಪ್ರೇರಣೆಯೇ. ಪ್ರೌಢಶಾಲೆಯ ಪಾಠಪುಸ್ತಕದಲ್ಲಿ ಮಕ್ಕಳು ಓದುವುದೂ ಅದನ್ನೇ. ಉಪಾಧ್ಯಾಯರು ಒಂದು ದಿನ ಶಾಲೆಯ ಅಂಗಳದಲ್ಲಿ ಕಾರಿನ ಬಾನೆಟ್ ತೆರೆದು, ಮಲ್ಟಿಮೀಟರಿನ ಎರಡು ಅಂಕಿಗಳನ್ನು ಮಕ್ಕಳಿಂದಲೇ ಓದಿಸಿದರೆ, ಪಾಠವೂ ನಿಲ್ಲುತ್ತದೆ, ಮುಂದೊಮ್ಮೆ ಯಾರದೋ ಪ್ರಯಾಣವೂ ಸುಗಮವಾಗುತ್ತದೆ.